ಬೋಟಿನ ಎಂಜಿನ್ ಸವೆತಕ್ಕೆ ಗಂಟೆಯ ಲೆಕ್ಕವೊಂದೇ ಸಾಲದು

ಕಾರಿನ ಎಂಜಿನ್ ಎಷ್ಟು ದುಡಿದಿದೆ ಎಂಬುದನ್ನು ಕಿಲೋಮೀಟರಿನಲ್ಲಿ ಕೇಳುತ್ತೇವೆ, ಬೋಟಿನದನ್ನು ಗಂಟೆಗಳಲ್ಲಿ. ಮಲ್ಪೆಯಿಂದ ಹೊರಟ ಟ್ರಾಲ್ ಬೋಟು ಬಲೆ ಎಳೆಯುವಾಗ ಗಂಟೆಗೆ ಎರಡರಿಂದ ನಾಲ್ಕು ನಾಟಿಕಲ್ ಮೈಲಿಯಷ್ಟೇ ಸಾಗಿದರೂ ಅದರ ಎಂಜಿನ್ ಭಾರಿ ಹೊರೆ ಹೊತ್ತಿರುತ್ತದೆ. ಹಾಗಾಗಿ ಕ್ರಮಿಸಿದ ದೂರದಿಂದ ದುಡಿಮೆ ತಿಳಿಯುವುದಿಲ್ಲ. ಆಳಸಮುದ್ರದಲ್ಲಿ ಹತ್ತು ದಿನ ಇದ್ದು ದಿನಕ್ಕೆ 20 ಗಂಟೆ ಎಂಜಿನ್ ಓಡಿಸಿದ ಬೋಟಿಗೆ ಒಂದೇ ಸಲಕ್ಕೆ 200 ಗಂಟೆ ಸೇರುತ್ತದೆ. ಅಷ್ಟೇ ಹೊತ್ತು ಸರಾಸರಿ 40 ಕಿಲೋಮೀಟರ್ ವೇಗದಲ್ಲಿ ಓಡಿದ ಕಾರು 8,000 ಕಿಲೋಮೀಟರ್ ಮುಗಿಸಿರುತ್ತದೆ.

ಆದರೆ ಗಂಟೆಗಳೆಲ್ಲ ಸಮವಲ್ಲ. ಪ್ರೊಪೆಲ್ಲರ್ ತಿರುಗಿಸಲು ಬೇಕಾಗುವ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ನಿಮಿಷಕ್ಕೆ 2,000 ಸುತ್ತು ತಿರುಗುವ ಎಂಜಿನ್ನನ್ನು 1,000ಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಎಂಟನೇ ಒಂದು ಪಾಲು ಶಕ್ತಿ ಸಾಕು. ಎಂಜಿನ್ ಓಡಿದ ಗಂಟೆಗಳನ್ನು ಎಣಿಸುವ ಮೀಟರ್ ಮಾತ್ರ ಎರಡನ್ನೂ ಒಂದೊಂದು ಗಂಟೆ ಎಂದೇ ದಾಖಲಿಸುತ್ತದೆ. ಬಲೆ ಎಳೆಯುವಾಗ ಬೋಟು ನಿಧಾನವಾಗಿ ಸಾಗುವುದರಿಂದ, ಅದೇ ಸುತ್ತುಗಳಲ್ಲಿಯೂ ಪ್ರೊಪೆಲ್ಲರಿನ ಹೊರೆ ಹೆಚ್ಚುತ್ತದೆ. ಪ್ರೊಪೆಲ್ಲರ್ ಎಂಜಿನ್ನಿನ ಶಕ್ತಿಗೆ ತಕ್ಕುದಕ್ಕಿಂತ ದೊಡ್ಡದಾಗಿದ್ದರೆ ಎಂಜಿನ್ ತನ್ನ ಪೂರ್ಣ ವೇಗವನ್ನೇ ಮುಟ್ಟುವುದಿಲ್ಲ, ಕಪ್ಪು ಹೊಗೆ ಕಾರುತ್ತದೆ, ವಾಲ್ವ್ ಮತ್ತು ಪಿಸ್ಟನ್‌ಗಳು ಮಿತಿಮೀರಿ ಕಾಯುತ್ತವೆ.

ಹಾಗೆಂದು ಹಗುರವಾದ ಗಂಟೆಗಳು ನಿರಪಾಯಕಾರಿ ಎಂದು ತಿಳಿಯಬಾರದು. ಬಹಳ ಹೊತ್ತು ಸುಮ್ಮನೆ ಓಡುವ ಡೀಸೆಲ್ ಎಂಜಿನ್ನಿನ ಸಿಲಿಂಡರುಗಳು ಸಾಕಷ್ಟು ಬಿಸಿಯಾಗದೆ ಇಂಧನ ಅರೆಬರೆ ಉರಿದು ಮಸಿ ಕಟ್ಟುತ್ತದೆ. ಕ್ರಮೇಣ ಸಿಲಿಂಡರಿನ ಒಳಗೋಡೆ ನುಣುಪಾಗಿ, ಎಣ್ಣೆಯನ್ನು ಹಿಡಿದಿಡುವ ಗುಣ ಕಳೆದುಕೊಳ್ಳುತ್ತದೆ. ಓಡದೆ ನಿಂತ ಕಾಲವೂ ಸವೆಸುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಮೀಟರ್ ಕದಲದಿದ್ದರೂ, ಹಳೆಯ ಎಣ್ಣೆಯಲ್ಲಿ ಸೇರಿರುವ ಆಮ್ಲ ಮತ್ತು ತೇವ ಬೇರಿಂಗುಗಳನ್ನು ತಿನ್ನುತ್ತಿರುತ್ತವೆ, ಉಪ್ಪುಗಾಳಿ ತೆರೆದ ವಾಲ್ವಿನ ಮೂಲಕ ಸಿಲಿಂಡರಿಗೆ ತುಕ್ಕು ಹಿಡಿಸಬಲ್ಲದು. ಎಣ್ಣೆ ಬದಲಾಯಿಸುವ ಕೆಲಸ ಆಗಸ್ಟಿಗೆ ಕಾಯಬಾರದು, ಬೋಟು ಕಟ್ಟುವ ಮೊದಲೇ ಆಗಬೇಕು. ಹತ್ತು ವರ್ಷದಲ್ಲಿ 400 ಗಂಟೆ ಮಾತ್ರ ಓಡಿದ ಎಂಜಿನ್ನಿಗಿಂತ, ನಿಯಮಿತವಾಗಿ ಎಣ್ಣೆ ಬದಲಾಯಿಸಿಕೊಂಡು 4,000 ಗಂಟೆ ದುಡಿದ ಎಂಜಿನ್ನನ್ನು ನಾನು ಹೆಚ್ಚು ನಂಬುತ್ತೇನೆ.

ಗಂಟೆಗಳಿಗಿಂತ ನಿಜಕ್ಕೆ ಹತ್ತಿರವಾದ ಅಳತೆ ಸುಟ್ಟ ಡೀಸೆಲ್ಲಿನ ಲೆಕ್ಕ. ಎಂಜಿನ್ ಮಾಡಿದ ಕೆಲಸವೆಲ್ಲ ಇಂಧನದಿಂದಲೇ ಬಂದಿರುವುದರಿಂದ, ಕೆಲವು ದೊಡ್ಡ ಎಂಜಿನ್ ತಯಾರಕರು ಓವರ್‌ಹಾಲ್ (ಎಂಜಿನ್ ಪೂರ್ತಿ ಬಿಚ್ಚಿ ದುರಸ್ತಿ ಮಾಡುವ) ಅವಧಿಯನ್ನು ಇಂಧನದ ಪ್ರಮಾಣದಲ್ಲಿಯೂ ಸೂಚಿಸುತ್ತಾರೆ. ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 28 ಲೀಟರ್ ಕುಡಿಯುವ 150 ಅಶ್ವಶಕ್ತಿಯ ಎಂಜಿನ್ 1,000 ಗಂಟೆಗಳಲ್ಲಿ 20,000 ಲೀಟರ್ ಸುಟ್ಟಿದ್ದರೆ ಅದು ಸರಾಸರಿ ಶೇಕಡಾ 70ರಷ್ಟು ಹೊರೆ ಹೊತ್ತಿದೆ. 5,000 ಲೀಟರ್ ಮಾತ್ರ ಸುಟ್ಟಿದ್ದರೆ ಬಹುಪಾಲು ಹಗುರವಾಗಿ ಓಡಿದೆ. ನಮ್ಮ ಕರಾವಳಿಯ ಬೋಟುಗಳಿಗೆ ಕರರಹಿತ ಡೀಸೆಲ್ ಸಿಗುವುದರಿಂದ ಅದರ ದಾಖಲೆ ಇರುತ್ತದೆ. ಹಳೆಯ ಬೋಟು ಕೊಳ್ಳುವವರು ಅದನ್ನು ಕೇಳಿ ಪಡೆಯಬೇಕು.

ಮೀಟರಿನ ಬಗೆಯನ್ನೂ ವಿಚಾರಿಸಬೇಕು. ಕೀ ತಿರುಗಿಸಿದೊಡನೆ ಎಣಿಸುವ ಮೀಟರ್ ಎಂಜಿನ್ ನಿಂತಿದ್ದರೂ ಓಡುತ್ತದೆ, ಎಣ್ಣೆಯ ಒತ್ತಡಕ್ಕೆ ಜೋಡಿಸಿದ್ದು ಓಡುವುದಿಲ್ಲ. ಆಧುನಿಕ ಎಂಜಿನ್ನುಗಳಾದರೆ ಯಾವ ವೇಗದಲ್ಲಿ ಎಷ್ಟು ಗಂಟೆ ಓಡಿದವು ಎಂಬುದನ್ನೂ ತಮ್ಮ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುತ್ತವೆ. ಕೊನೆಗೆ ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ, ಕಬ್ಬಿಣದ ಅಂಶ ಸಿಲಿಂಡರ್ ಮತ್ತು ರಿಂಗುಗಳ ಸವೆತವನ್ನೂ, ತಾಮ್ರ ಮತ್ತು ಸೀಸ ಬೇರಿಂಗುಗಳ ಸವೆತವನ್ನೂ ಸೂಚಿಸುತ್ತವೆ. ಸೋಡಿಯಂ ಏರಿದ್ದರೆ ಸಮುದ್ರದ ನೀರು ಒಳಗೆ ಬರುತ್ತಿದೆಯೇ ಎಂದು ಎಣ್ಣೆಯನ್ನು ತಂಪಾಗಿಸುವ ಕೂಲರನ್ನು ಕೂಡಲೇ ಪರೀಕ್ಷಿಸಬೇಕು.