ಹಡಗು ಬರಲಿಲ್ಲ ಅಂದ್ರೆ ಕಾಲಮಿತಿ ನಿಲ್ಲುತ್ತಾ? ದ್ವೀಪಗಳ ಕಾನೂನು ನೆರವು: ಒಂದು ಟಿಪ್ಪಣಿ

ಪರೀಕ್ಷೆಯಲ್ಲಿ ಕಾನೂನು ನೆರವಿನ ಪ್ರಶ್ನೆ ಬಂದರೆ ಸಂವಿಧಾನದ 39ಎ ವಿಧಿ (ಉಚಿತ ಕಾನೂನು ನೆರವು ಕೊಡಬೇಕು ಅನ್ನುವುದು), 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, ಲೋಕ ಅದಾಲತ್ ಅಂತ ಬರೆದು ಪುಟ ತುಂಬಿಸುವುದು ಸುಲಭ. ದೂರ ಅನ್ನುವ ವಿಷಯ ಧಾರವಾಡದಲ್ಲಿ ಕೂತು ಕಾನೂನು ಓದುವ ನಮ್ಮ ತಲೆಗೆ ಬರುವುದೇ ಇಲ್ಲ, ಯಾಕಂದ್ರೆ ಹೈಕೋರ್ಟ್ ಪೀಠ ಇಲ್ಲೇ ಇದೆ. 2008ಕ್ಕೆ ಮುಂಚೆ ಗದಗ, ಹಾವೇರಿಯ ಕಕ್ಷಿದಾರರು ಒಂದು ರಿಟ್ (ಹೈಕೋರ್ಟಿಗೆ ನೇರವಾಗಿ ಹಾಕುವ ಅರ್ಜಿ) ಹಾಕಬೇಕೆಂದರೂ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಆಮೇಲೆ ಧಾರವಾಡಕ್ಕೆ ಸಂಚಾರಿ ಪೀಠ (ನ್ಯಾಯಮೂರ್ತಿಗಳು ಬಂದು ಕಲಾಪ ನಡೆಸಿ ಹೋಗುವ ಪೀಠ) ಬಂತು, 2013ರಲ್ಲಿ ಕಾಯಂ ಆಯಿತು. ಸರಿ, ಬಸ್ಸೇ ಹೋಗದ ಊರಿನ ಗತಿ ಏನು?

ಲಕ್ಷದ್ವೀಪ ತಗೊಳ್ಳಿ. ಜನ ಇರುವುದು 10 ದ್ವೀಪಗಳಲ್ಲಿ, 2011ರ ಜನಗಣತಿಯಂತೆ 64 ಸಾವಿರ ಚಿಲ್ಲರೆ. ಅವರಲ್ಲಿ ಶೇ 94ಕ್ಕಿಂತ ಜಾಸ್ತಿ ಪರಿಶಿಷ್ಟ ಪಂಗಡದವರು. 1987ರ ಕಾಯ್ದೆಯ ಸೆಕ್ಷನ್ 12 ಪ್ರಕಾರ ಪರಿಶಿಷ್ಟರು, ಮಹಿಳೆಯರು, ಮಕ್ಕಳು, ಕಸ್ಟಡಿಯಲ್ಲಿ ಇರುವವರು ಎಲ್ಲರಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು. ಅಂದರೆ ಹೆಚ್ಚುಕಡಿಮೆ ಇಡೀ ಪ್ರದೇಶವೇ ಅರ್ಹ! ಹಕ್ಕಿಗೆ ಅಲ್ಲಿ ಕೊರತೆ ಇಲ್ಲ. ತೊಡಕು ದೂರದ್ದು: ಜಿಲ್ಲಾ ನ್ಯಾಯಾಲಯ ರಾಜಧಾನಿ ಕವರತ್ತಿಯಲ್ಲಿ, ಹೈಕೋರ್ಟ್ (ಕೇರಳದ್ದು) ಸಮುದ್ರದಾಚೆ ಕೊಚ್ಚಿಯಲ್ಲಿ, ಸುಮಾರು 400 ಕಿ.ಮೀ. ಮಳೆಗಾಲದಲ್ಲಿ ಸಮುದ್ರ ಕೆಟ್ಟರೆ ಹಡಗಿನ ವೇಳಾಪಟ್ಟಿಯೂ ಕೆಡುತ್ತದೆ. (ಈ ಹೈಕೋರ್ಟ್ ವ್ಯಾಪ್ತಿಯನ್ನು ಕರ್ನಾಟಕಕ್ಕೆ ಬದಲಿಸುವ ಪ್ರಸ್ತಾವ ಇದೆ ಅಂತ 2021ರಲ್ಲಿ ಸುದ್ದಿ ಆಗಿತ್ತು, ಅಲ್ಲಿನ ಆಡಳಿತ ಅಲ್ಲಗಳೆಯಿತು. ಮಲಯಾಳಂ ಮಾತಾಡುವ ಜನರಿಗೆ ಅದರಿಂದ ಏನು ಅನುಕೂಲ ಆಗುತ್ತಿತ್ತೋ ನನಗಂತೂ ಹೊಳೆಯಲಿಲ್ಲ.)

ಈಗ ಬರುವುದೇ ಮುಖ್ಯ, ಪರೀಕ್ಷೆಗೂ ಉಪಯೋಗ. ಸಂವಿಧಾನದ 22(2) ವಿಧಿ ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಅನ್ನುತ್ತದೆ, ಆದರೆ ಪ್ರಯಾಣಕ್ಕೆ ಬೇಕಾದ ಸಮಯ ಬಿಟ್ಟು. ಹುಬ್ಬಳ್ಳಿಯಲ್ಲಿ ಈ ವಿನಾಯಿತಿ ಲೆಕ್ಕಕ್ಕೇ ಇಲ್ಲ. ಮ್ಯಾಜಿಸ್ಟ್ರೇಟ್ ಇಲ್ಲದ ದ್ವೀಪದಲ್ಲಿ ಅದು ಎಷ್ಟು ಬೇಕಾದರೂ ಉದ್ದವಾಗಬಹುದು. ಪೊಲೀಸರ ಪ್ರಯಾಣದ ಸಮಯವನ್ನು ಕಾನೂನು ತಾನಾಗಿಯೇ ಕಳೆದುಬಿಡುತ್ತದೆ. ಕಕ್ಷಿದಾರರಿಗೆ? ಹಾಗೆ ಕಳೆಯುವುದಿಲ್ಲ.

ದಾವೆ, ಮೇಲ್ಮನವಿಗಳನ್ನು ಎಷ್ಟು ಸಮಯದೊಳಗೆ ಹಾಕಬೇಕು ಅಂತ ಹೇಳುವ 1963ರ ಕಾಲಮಿತಿ ಕಾಯ್ದೆ ತೆಗೆದು ನೋಡಿ. ದಾವಾ ಹಾಕುವ ಕೊನೇ ದಿನ ಕೋರ್ಟಿಗೆ ರಜೆ ಇದ್ದರೆ, ತೆರೆದ ದಿನ ಹಾಕಬಹುದು, ಇದು ಸೆಕ್ಷನ್ 4. ಕೋರ್ಟ್ ತೆರೆದೇ ಇದೆ, ಹಡಗು ಮಾತ್ರ ಹೊರಡಲಿಲ್ಲ ಅಂದರೆ ಈ ಸೆಕ್ಷನ್ ಕೈಹಿಡಿಯುವುದಿಲ್ಲ. ಸೆಕ್ಷನ್ 5ರಲ್ಲಿ ತಡವನ್ನು ಮನ್ನಿಸಿ ಅಂತ ಕೇಳಬಹುದು, ಆದರೆ ಅದು ಮೇಲ್ಮನವಿಗೆ ಮತ್ತು ಅರ್ಜಿಗೆ ಮಾತ್ರ, ಮೂಲ ದಾವೆಗೆ ಇಲ್ಲ, ಅಲ್ಲೂ ಸಾಕಷ್ಟು ಕಾರಣ ಇತ್ತು ಅಂತ ನ್ಯಾಯಾಧೀಶರಿಗೆ ಒಪ್ಪಿಸಬೇಕು. ಇದೇ ಕಾಯ್ದೆಯ ಸೆಕ್ಷನ್ 12 ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಬಿಡುತ್ತದೆ, ಹಡಗಿಗೆ ಕಾದ ದಿನಗಳನ್ನಲ್ಲ. (ಎರಡು ಕಾಯ್ದೆ, ಎರಡು ಸೆಕ್ಷನ್ 12. ಗೊಂದಲ ಮಾಡಿಕೊಳ್ಳಬೇಡಿ.) ಹಾಗಾಗಿ ಇ-ಫೈಲಿಂಗ್ (ಆನ್‌ಲೈನ್‌ನಲ್ಲೇ ದಾವೆ ಹಾಕುವುದು) ನಮಗೆ ಬರೀ ಸೌಕರ್ಯ ಇರಬಹುದು, ದ್ವೀಪದಲ್ಲಿ ದಾವೆ ಉಳಿಯುತ್ತೋ ಹೋಗುತ್ತೋ ಅನ್ನುವುದೇ ಅದರ ಮೇಲೆ ನಿಂತಿರಬಹುದು.

ಅಂಡಮಾನ್ ನಿಕೋಬಾರ್‌ದು ಬೇರೆ ದಾರಿ. ಹೈಕೋರ್ಟ್ ಕಲ್ಕತ್ತಾದ್ದು, ಆದರೆ ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಶ್ರೀ ವಿಜಯಪುರಂ) ಸಂಚಾರಿ ಪೀಠ ಇದೆ, ನ್ಯಾಯಮೂರ್ತಿಗಳೇ ಹೋಗುತ್ತಾರೆ. 2013ರ ತನಕ ನಮ್ಮಲ್ಲೂ ಇದ್ದದ್ದು ಸಂಚಾರಿ ಪೀಠವೇ ಅಲ್ವಾ? ಆದರೂ ತೀರಾ ದಕ್ಷಿಣದ ಗ್ರೇಟ್ ನಿಕೋಬಾರ್‌ನವರಿಗೆ ಪೋರ್ಟ್ ಬ್ಲೇರೇ ದೂರ.

ಉಳಿದ ದಾರಿ ವಿಡಿಯೋ ವಿಚಾರಣೆ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಸಮುದ್ರದಡಿಯ ಇಂಟರ್ನೆಟ್ ಕೇಬಲ್ ಉದ್ಘಾಟನೆ ಆಯಿತು, ಹೊಸ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕರಣ ನಡೆಸುವ ವಿಧಾನದ ಕಾನೂನು) ಸೆಕ್ಷನ್ 530 ವಿಚಾರಣೆಯನ್ನೇ ಎಲೆಕ್ಟ್ರಾನಿಕ್ ವಿಧಾನದಲ್ಲಿ ನಡೆಸಲು ಬಿಡುತ್ತದೆ. ಒಳ್ಳೆಯದೇ. ಆದರೆ ಆರೋಪಿ ಠಾಣೆಯ ಕಂಪ್ಯೂಟರ್ ಮುಂದೆ ಕೂತು, ಪಕ್ಕದಲ್ಲಿ ಪೇದೆ ನಿಂತಿರುವಾಗ, ಸಮುದ್ರದಾಚೆಯ ವಕೀಲರಿಗೆ ‘ನನಗೆ ಹೊಡೆದರು ಸಾರ್’ ಅಂತ ಹೇಳುತ್ತಾನಾ? ಕೋರ್ಟಿನ ಲಿಂಕ್ ಶುರುವಾಗುವ ಮೊದಲು, ಬೇರೆ ಕೋಣೆಯಲ್ಲಿ, ವಕೀಲರ ಜೊತೆ ಒಬ್ಬನೇ ಮಾತಾಡಲು ಇನ್ನೊಂದು ಲೈನ್ ಕೊಡಬೇಕು. ಸುಧಾರಣೆ ಸೂಚಿಸಿ ಅಂತ ಕೇಳಿದರೆ ನಾನು ಮೊದಲು ಬರೆಯುವುದು ಇದನ್ನೇ.