ಅಲ್ಲಿ ಗುರುತ್ವ ಇಲ್ಲ ಅಂತ ಯಾರು ಹೇಳಿದ್ದು?

ಪ್ರಶ್ನೆ: ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲದ್ದಕ್ಕೇ ಅಲ್ವಾ ಗಗನಯಾತ್ರಿಗಳು ತೇಲುವುದು?

ಉತ್ತರ: ಅಲ್ಲ. 2025ರಲ್ಲಿ ಶುಭಾಂಶು ಶುಕ್ಲಾ ಹೋಗಿಬಂದ ಮೇಲಂತೂ ಈ ಪ್ರಶ್ನೆ ಇನ್ನೂ ಜಾಸ್ತಿಯಾಗಿದೆ. ಇರಲಿ, ಮತ್ತೊಮ್ಮೆ ಹೇಳುತ್ತೇನೆ.

ಅವರಿದ್ದ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಮೇಲೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು ದೂರ, ಅಷ್ಟೇ. ಗುರುತ್ವದ ಲೆಕ್ಕ ಶುರುವಾಗುವುದು ನೆಲದಿಂದಲ್ಲ, ಭೂಮಿಯ ನಟ್ಟನಡುವಿನಿಂದ. ನಾವು ಆಗಲೇ ಅಲ್ಲಿಂದ 6,371 ಕಿ.ಮೀ. ದೂರದಲ್ಲಿದ್ದೇವೆ. ಅದಕ್ಕೆ ಇನ್ನೊಂದು 400 ಸೇರಿಸಿದರೆ ಎಳೆತ ಎಷ್ಟು ಕಮ್ಮಿಯಾದೀತು? ನೂರಕ್ಕೆ ಹನ್ನೊಂದೋ ಹನ್ನೆರಡೋ ಪಾಲು. ಅಷ್ಟೆತ್ತರದ ಗೋಪುರ ಕಟ್ಟಿ, ತುದಿಯಲ್ಲಿ ತೂಕದ ಮೆಷಿನ್ ಇಟ್ಟು ಹತ್ತಿದರೆ 60 ಕೆ.ಜಿ.ಯವರು 53 ತೂಗುತ್ತಾರೆ. ತೇಲುವುದಿಲ್ಲ. ಕಾಲು ಜಾರಿದರೆ ಬೀಳುವುದು ಕೆಳಗೇ. ಅಷ್ಟೇಕೆ, 3,84,400 ಕಿ.ಮೀ. ಆಚೆಯ ಚಂದ್ರನನ್ನು ಹಿಡಿದಿಟ್ಟಿರುವುದೂ ಇದೇ ಎಳೆತ. ಗುರುತ್ವ ಮೋಡದ ಮೇಲೆ ಮುಗಿದುಹೋಗುವುದಾದರೆ ಅವನು ಎಂದೋ ಊರು ಬಿಟ್ಟಿರುತ್ತಿದ್ದ.

ಮತ್ತೆ ತೇಲುವುದು ಯಾಕೆ? ಬೀಳುತ್ತಿರುವುದರಿಂದ! ನಿಲ್ದಾಣವೂ ಬೀಳುತ್ತಿದೆ, ಒಳಗಿನವರೂ ಬೀಳುತ್ತಿದ್ದಾರೆ, ಅವರ ಕೈಯಲ್ಲಿರುವ ಚಮಚವೂ ಬೀಳುತ್ತಿದೆ. ನೆಲಕ್ಕೆ ಬಂದು ಬಡಿಯುವುದಿಲ್ಲ ಯಾಕೆಂದರೆ ಅದು ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಜೋರಾಗಿ ಅಡ್ಡಡ್ಡ ಓಡುತ್ತಿದೆ. ಒಂದು ಸೆಕೆಂಡಿನಲ್ಲಿ ನಾಲ್ಕು ಮೀಟರಿಗಿಂತ ತುಸು ಹೆಚ್ಚು ಬೀಳುತ್ತದೆ. ಅಷ್ಟರಲ್ಲಿ ದುಂಡಗಿನ ಭೂಮಿಯೂ ಅಷ್ಟೇ ಕೆಳಕ್ಕೆ ಬಾಗಿರುತ್ತದೆ.

ಸುಮ್ನೆ ನಂಬಬೇಡಿ. ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಮೊಳೆಯಿಂದ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆಯಿರಿ. ನೀರು ಚಿಮ್ಮುತ್ತದೆ. ಈಗ ಮಹಡಿಯಿಂದ ಕೈಬಿಡಿ. ಬೀಳುವಷ್ಟು ಹೊತ್ತು ಧಾರೆ ನಿಂತಿರುತ್ತದೆ. ಗುರುತ್ವ ಅರ್ಧ ದಾರಿಯಲ್ಲಿ ರಜೆ ಹಾಕಿತೇ? ಬಾಟಲಿಯೂ ನೀರೂ ಒಟ್ಟಿಗೆ ಬೀಳುತ್ತಿವೆ, ಒಂದನ್ನೊಂದು ಒತ್ತುತ್ತಿಲ್ಲ. ಇದನ್ನು ಒಮ್ಮೆ ಕಣ್ಣಾರೆ ಕಂಡ ಹುಡುಗರು ಮತ್ತೆ ಆ ಪ್ರಶ್ನೆ ಕೇಳಿದ್ದಿಲ್ಲ.

ಯಾರೂ ಕೇಳದ ಇನ್ನೊಂದು ವಿಷಯ. ಶುಕ್ಲಾ ಅವರ ಜೊತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರು ಕಾಳು, ಮೆಂತೆ ಕೂಡ ಮೇಲೆ ಹೋಗಿದ್ದವು, ಮೊಳಕೆ ಬರಿಸಿ ನೋಡಲಿಕ್ಕೆ. ಇಲ್ಲಿ ಕಾಳನ್ನು ತಲೆಕೆಳಗಾಗಿ ಹಾಕಿದರೂ ಬೇರು ನೆಲಕ್ಕೇ ಇಳಿಯುತ್ತದೆ. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಪುಟ್ಟ ಕಣಗಳಿವೆ. ಅವು ಯಾವ ಕಡೆ ತಳ ಹಿಡಿಯುತ್ತವೋ ಅದೇ ಬೇರಿಗೆ ಕೆಳಗೆ. ಅಲ್ಲಿ ಆ ಕಣಗಳೂ ಬೀಳುತ್ತಿವೆಯಲ್ಲ, ತಳ ಹಿಡಿಯುವುದೇ ಇಲ್ಲ. ಪಾಪ, ಬೇರು ಬೆಳಕನ್ನೋ ತೇವವನ್ನೋ ನಂಬಿಕೊಂಡು ದಾರಿ ಹುಡುಕಬೇಕು.