ಪದ ಪರಿಚಯ: ನೆಟ್‌ವರ್ಕಿಂಗ್

ಸ್ಟಾರ್ಟಪ್ ಶುರು ಮಾಡಬೇಕು ಅಂತ ಹೊರಟವರಿಗೆ ಎಲ್ಲರೂ ಹೇಳುವ ಮಾತು ಒಂದೇ: ‘ನೆಟ್‌ವರ್ಕಿಂಗ್ ಮಾಡು’. ಯಾರ ಜೊತೆ, ಹೇಗೆ ಅಂತ ಬಿಡಿಸಿ ಹೇಳುವವರು ಕಡಿಮೆ. ಹೀಗಾಗಿ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಷ್ಟೋ ಹುಡುಗರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಯಾವುದೋ ಸಮಾವೇಶದಲ್ಲಿ ವಿಸಿಟಿಂಗ್ ಕಾರ್ಡ್ ಹಂಚಿ, ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಆಮೇಲೆ ಯಾರ ಫೋನೂ ಬರುವುದಿಲ್ಲ. ಇದರಲ್ಲಿ ಅವರ ತಪ್ಪು ಕಡಿಮೆ. ಪದ ಮಾತ್ರ ಅವರ ಕಿವಿಗೆ ಬಿದ್ದಿದೆ, ಅದರ ಕೆಲಸ ಯಾರೂ ತೋರಿಸಿಲ್ಲ.

ನೆಟ್‌ವರ್ಕಿಂಗ್ ಅಂದರೆ ಇಷ್ಟು. ನೀವು ಏನು ಮಾಡುತ್ತಿದ್ದೀರಿ, ನಿಮಗೆ ಏನು ಬೇಕು ಅನ್ನುವುದು ನಿಮ್ಮ ಬಳಗದ ಆಚೆಗಿನ ಜನರಿಗೂ ಗೊತ್ತಾಗಬೇಕು. ಅವರ ಕೆಲಸ, ಅವರ ಕಷ್ಟ ನಿಮಗೂ ಗೊತ್ತಾಗಬೇಕು. ‘ಬಳಗದ ಆಚೆ’ ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಯಾಕೆಂದರೆ ನಮ್ಮ ಕಡೆ ಗುರ್ತಿನ ಮಂದಿಗೆ ಬರವಿಲ್ಲ. ಒಂದು ಮದುವೆಗೆ ಹೋದರೆ ಸಾಕು, ಊಟದ ಪಂಕ್ತಿಯಲ್ಲೇ ನಾಲ್ಕು ತಾಲ್ಲೂಕಿನ ಬೀಗರು ಸಿಗುತ್ತಾರೆ. ಹಾಸ್ಟೆಲ್ ದೋಸ್ತರು, ಓಣಿಯವರು, ಜಾತ್ರೆಗೆ ಬಂದವರು, ಎಲ್ಲರೂ ಇದ್ದಾರೆ. ಆದರೆ ಒಂದು ಬಳಗದಲ್ಲಿ ಎಲ್ಲರಿಗೂ ಗೊತ್ತಿರುವುದು ಹೆಚ್ಚುಕಡಿಮೆ ಅದದೇ ಸಂಗತಿ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. ಅದೇ ಊರಿನ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ ತಲೆಮಾರುಗಳಿಂದ ನಡೆದಿದೆ. ಆದರೂ ಕೊನೇ ವರ್ಷದ ಎಂಜಿನಿಯರಿಂಗ್ ಹುಡುಗಿಗೆ ಒಬ್ಬ ಅಡತಿ ವ್ಯಾಪಾರಿಯ ಹೆಸರೂ ಗೊತ್ತಿಲ್ಲ, ದಾಲ್ ಮಿಲ್ ಮಾಲೀಕನಿಗೆ ಸಾಫ್ಟ್‌ವೇರ್ ಬರೆಯುವ ಒಬ್ಬರ ಪರಿಚಯವೂ ಇಲ್ಲ ಅನ್ನುವುದು ಇಲ್ಲಿ ಯಾರಿಗೂ ಆಶ್ಚರ್ಯ ಅನಿಸುವುದಿಲ್ಲ. ಈ ಇಬ್ಬರನ್ನು ಒಂದು ಕಡೆ ಕೂರಿಸುವುದೇ ನೆಟ್‌ವರ್ಕಿಂಗ್.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಇದನ್ನು 1973ರಲ್ಲೇ ಹೇಳಿದ್ದರು. ಪರಿಚಯದವರ ಮೂಲಕ ನೌಕರಿ ಸಿಕ್ಕವರನ್ನು ಹುಡುಕಿ, ‘ಆ ಸುದ್ದಿ ಕೊಟ್ಟವರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ’ ಅಂತ ಕೇಳಿದರು. ಪದೇ ಪದೇ ಸಿಗುತ್ತಿದ್ದರು ಅಂದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಶೇ 55.6, ತೀರಾ ಅಪರೂಪಕ್ಕೆ ಅಂದವರು ಶೇ 27.8. ಅದು ಸಣ್ಣ ಸಮೀಕ್ಷೆ, ನೌಕರಿಯ ಲೆಕ್ಕ. ಸ್ಟಾರ್ಟಪ್‌ಗೆ ಪಾಲುದಾರರನ್ನು ಹುಡುಕುವುದಕ್ಕೆ ಅದನ್ನು ಹಾಗೇ ತಂದು ಅಂಟಿಸಬಾರದು. ಆದರೆ ಹೊಸ ಸುದ್ದಿ ದೂರದ ಪರಿಚಯಗಳಿಂದಲೇ ಜಾಸ್ತಿ ಬರುತ್ತದೆ ಅನ್ನುವ ಮಾತು ನಮ್ಮ ಊರಿಗೂ ಸಲ್ಲುತ್ತದೆ.

ಒಂದು ಉದಾಹರಣೆ ನೋಡೋಣ. ತೊಗರಿ ಕಾಳನ್ನು ಕ್ಯಾಮೆರಾದಿಂದ ನೋಡಿ ಬೇರ್ಪಡಿಸುವ ಯಂತ್ರ ಮಾಡಬೇಕು ಅಂತ ಒಬ್ಬ ಹುಡುಗ ಹೊರಟಿದ್ದಾನೆ ಅಂದುಕೊಳ್ಳಿ. ಸೊಗಸಾದ ವಿಚಾರ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಇಂಥ ಊರಿನದೇ ವಿಶೇಷ ಮಾಲು ಅನ್ನುವ ಗುರುತು) ಮಾನ್ಯತೆಯೂ ಸಿಕ್ಕಿದೆ, ಹೀಗಾಗಿ ಗುಣಮಟ್ಟಕ್ಕೆ ಬೆಲೆ ಇದೆ. ಅವನು ಪಾಲುದಾರನನ್ನು ಎಲ್ಲಿ ಹುಡುಕುತ್ತಾನೆ? ತನ್ನ ಹಾಗೇ ಕೋಡ್ ಬರೆಯುವ ಕ್ಲಾಸ್‌ಮೇಟ್‌ಗಳಲ್ಲಿ. ಇಬ್ಬರಿಗೂ ಒಂದೇ ವಿದ್ಯೆ ಗೊತ್ತು, ಇಬ್ಬರಿಗೂ ಒಂದೇ ವಿಷಯ ಗೊತ್ತಿಲ್ಲ.

ಅದೇ ಹುಡುಗ ಒಂದು ಮಿಲ್‌ಗೆ ಹೋಗಿ ನಿಂತರೆ ಮೊದಲ ಪ್ರಶ್ನೆಯೇ ಹೀಗೆ ಬರುತ್ತದೆ: ‘ಸಾರ್ಟೆಕ್ಸ್ ಮಷಿನ್ ಅದಾವಲ್ಲ ರೀ, ನಿಮ್ದು ಅದಕ್ಕಿಂತ ಹ್ಯಾಂಗ ಬ್ಯಾರೆ?’ ಬಣ್ಣ ನೋಡಿ ಕಾಳು ಬೇರೆ ಮಾಡುವ ಯಂತ್ರ ದೊಡ್ಡ ಮಿಲ್‌ಗಳಲ್ಲಿ ಆಗಲೇ ಇದೆ. ಸಣ್ಣ ಮಿಲ್‌ಗಳಿಗೆ ಅದರ ಬೆಲೆ ಭಾರ. ಮಿಲ್‌ನವರ ತಲೆನೋವು ಬೇರೆ ಕಡೆಯೂ ಇರಬಹುದು. ಕಾಳು ಸ್ವಚ್ಛ ಮಾಡಿ, ಎಣ್ಣೆ ಸವರಿ, ಒಣಗಿಸಿ, ಸಿಪ್ಪೆ ತೆಗೆದು, ಒಡೆದರೆ ಬೇಳೆ. ತೇವ ಸರಿ ಇಲ್ಲದಿದ್ದರೆ ಸಿಪ್ಪೆ ಬಿಡುವುದಿಲ್ಲ, ಇಲ್ಲವೇ ಬೇಳೆ ಒಡೆದು ನುಚ್ಚಾಗುತ್ತದೆ. ನುಚ್ಚಿಗೆ ಬೇಳೆಯ ರೇಟು ಸಿಗುವುದಿಲ್ಲ, ಹೊಟ್ಟು ದನದ ಮೇವಿಗೆ ಹೋಗುತ್ತದೆ. ನುಚ್ಚು ಎಷ್ಟು ಕಡಿಮೆಯೋ ಲಾಭ ಅಷ್ಟು ಜಾಸ್ತಿ. ಈ ಮಾತು ಕೇಳಿದ ಮೇಲೆ ಹುಡುಗನ ಯಂತ್ರವೇ ಬದಲಾಗಬಹುದು. ಕಾಳು ಆರಿಸುವುದನ್ನು ಬಿಟ್ಟು ತೇವ ಅಳೆಯುವ ಕಡೆ ಅವನು ತಿರುಗಬಹುದು. ಅವನಿಗೆ ಬೇಕಾದ ಪಾಲುದಾರ ಇನ್ನೊಬ್ಬ ಕೋಡರ್ ಅಲ್ಲ, ಮಿಲ್ ನಡೆಸಿದ ಕುಟುಂಬದ ಯಾರೋ ಒಬ್ಬರು ಅಂತ ಆಗ ಗೊತ್ತಾಗುತ್ತದೆ. ಹೋಗುವ ಕಾಲವೂ ಮುಖ್ಯ. ತೊಗರಿ ಕೊಯ್ಲು ಡಿಸೆಂಬರ್-ಜನವರಿಯಲ್ಲಿ. ಮಾಲು ಬಂದು ಬೀಳುವ ಹೊತ್ತಿನಲ್ಲಿ ಅಂಗಡಿಗೆ ಹೋಗಿ ‘ಅರ್ಧ ತಾಸು ಮಾತಾಡಬೇಕಿತ್ತು’ ಅಂದರೆ ಯಾರು ಕೂರುತ್ತಾರೆ? ಮಳೆಗಾಲದಲ್ಲಿ ಹೋಗಿ.

ಬೀದರ್‌ನಲ್ಲೂ ಇದೇ ಕಥೆ. ಬಿದರಿ ಕೆಲಸದವರಿಗೆ ಸತುವಿನ ಎರಕದ ಮೇಲೆ ಬೆಳ್ಳಿ ಕೂರಿಸುವುದು ಗೊತ್ತು, ಕೋಟೆಯ ಮಣ್ಣಿನಿಂದ ಆ ಕಪ್ಪು ಬಣ್ಣ ತರುವುದು ಗೊತ್ತು. ಆನ್‌ಲೈನ್ ಮಾರಾಟ, ಪ್ಯಾಕಿಂಗ್, ರಫ್ತಿನ ಕಾಗದಪತ್ರ ಗೊತ್ತಿರುವವರು ಇನ್ನೊಂದು ಓಣಿಯಲ್ಲಿದ್ದಾರೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನೆಟ್‌ವರ್ಕಿಂಗ್ ಅಂದರೆ ವಶೀಲಿ ಅಂತ ತಿಳಿದವರು ನಮ್ಮಲ್ಲಿ ಬಹಳ. ಅದಕ್ಕೇ ಸ್ವಾಭಿಮಾನದ ಹುಡುಗರು ‘ಯಾರ ಮುಂದೂ ಕೈ ಚಾಚುವುದಿಲ್ಲ’ ಅಂತ ದೂರ ಉಳಿಯುತ್ತಾರೆ. ವಶೀಲಿಯಲ್ಲಿ ಸರದಿ ತಪ್ಪಿಸಿ ಒಳಗೆ ಹೋಗುತ್ತೇವೆ, ನಮ್ಮ ಕೆಲಸ ಹೇಗಿದೆ ಅಂತ ಯಾರೂ ನೋಡುವುದಿಲ್ಲ. ನೆಟ್‌ವರ್ಕಿಂಗ್‌ನಲ್ಲಿ ಪರಿಚಯ ಮಾಡಿಸಿದವರ ಕೆಲಸ ಬಾಗಿಲಿಗೇ ಮುಗಿಯುತ್ತದೆ. ಒಳಗೆ ಹೋದ ಮೇಲೆ ನಿಮ್ಮ ಕೆಲಸ ನೋಡಿಯೇ ಎದುರಿನವರು ಹೌದು ಅಥವಾ ಬೇಡ ಅನ್ನುತ್ತಾರೆ. ಹಾಗಾಗಿ ಸಂಕೋಚಪಡುವುದು ಏನೂ ಬೇಕಿಲ್ಲ.

ಪರಿಚಯ ಕೇಳುವುದಕ್ಕೂ ಒಂದು ರೀತಿ ಇದೆ. ‘ಸರ್, ನಂದು ಸ್ಟಾರ್ಟಪ್ ಇದೆ, ಸಪೋರ್ಟ್ ಮಾಡಿ’ ಅಂತ ಲಿಂಕ್ಡ್‌ಇನ್‌ನಲ್ಲಿ ನೂರು ಜನಕ್ಕೆ ಕಳಿಸಿದರೆ ಓದಿದವರಿಗೆ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: ‘ನಾನು ಕಲಬುರಗಿಯವನು. ದಾಲ್ ಮಿಲ್‌ಗಳಿಗೆ ತೇವ ಅಳೆಯುವ ಸಣ್ಣ ಯಂತ್ರ ಮಾಡಿದ್ದೇನೆ, ವಿಡಿಯೊ ಕೆಳಗಿದೆ. ಮಿಲ್ ನಡೆಸಿದ ಅನುಭವ ಇರುವ ಪಾಲುದಾರರನ್ನು ಹುಡುಕುತ್ತಿದ್ದೇನೆ. ನಿಮಗೆ ಗೊತ್ತಿರುವ ಒಬ್ಬ ಮಿಲ್ ಮಾಲೀಕರ ಜೊತೆ ಇಪ್ಪತ್ತು ನಿಮಿಷ ಮಾತಾಡಿಸಿಕೊಡುತ್ತೀರಾ?’ ಯಾರು, ಏನು, ಎಷ್ಟು ಹೊತ್ತು, ಎಲ್ಲ ಅದರಲ್ಲೇ ಇದೆ. ಓದಿದವರು ಅದನ್ನು ಹಾಗೇ ವಾಟ್ಸಾಪ್‌ನಲ್ಲಿ ಮುಂದೆ ಕಳಿಸಬಹುದು. ನೀವೇ ಪರಿಚಯ ಮಾಡಿಸುವವರಾದರೆ ಮೊದಲು ಎರಡೂ ಕಡೆಯವರನ್ನು ಕೇಳಿ, ಆಮೇಲೆ ನಂಬರ್ ಕೊಡಿ. ಕೇಳದೆ ನಂಬರ್ ಹಂಚಿದರೆ ಮುಂದಿನ ಸಲ ಅವರು ನಿಮ್ಮ ಫೋನೇ ಎತ್ತುವುದಿಲ್ಲ. ಭೇಟಿಯಾದ ಮೇಲೆ ಏನಾಯಿತು ಅಂತ ಪರಿಚಯ ಮಾಡಿಸಿದವರಿಗೆ ಎರಡು ಸಾಲು ತಿಳಿಸಿ. ಬಹಳ ಜನ ಇದನ್ನು ಮರೆಯುತ್ತಾರೆ. ಎರಡನೇ ಪರಿಚಯ ತಪ್ಪುವುದು ಇಲ್ಲೇ.

ಊರು ಬಿಟ್ಟು ಹೋದವರನ್ನು ನಾವು ಸಾಕಷ್ಟು ಬಳಸಿಕೊಳ್ಳುತ್ತಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ನಮ್ಮ ಮೂರೂ ಜಿಲ್ಲೆಗಳಿಂದ ಹೈದರಾಬಾದ್, ಪುಣೆ, ಬೆಂಗಳೂರಿಗೆ ಓದಲು, ದುಡಿಯಲು ಹೋದವರ ಲೆಕ್ಕ ಸಣ್ಣದಲ್ಲ. ಯಾದಗಿರಿಯ ಹುಡುಗನಿಗೆ ಹೈದರಾಬಾದ್‌ನಲ್ಲಿ ಇರುವ ತನ್ನ ಸೀನಿಯರ್, ಅವನ ಆಫೀಸಿನವರು, ಅವರ ಗೆಳೆಯರು, ಇದೇ ಗ್ರಾನೊವೆಟರ್ ಹೇಳಿದ ದೂರದ ಪರಿಚಯ. ಅವರಿಗೆ ಊರಿನ ಮೇಲೆ ಪ್ರೀತಿ ಇರುತ್ತದೆ. ಊರಿಗಾಗಿ ಏನು ಮಾಡಬಹುದು ಅಂತ ಯಾರಾದರೂ ಸ್ಪಷ್ಟವಾಗಿ ಕೇಳಲಿ ಅಂತ ಕಾಯುವವರೂ ಇದ್ದಾರೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಗೆ ಅರ್ಜಿ ಹಾಕುವುದೂ ಒಳ್ಳೆಯದೇ. ಆಯ್ಕೆಯಾದರೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಸಿಗದಿದ್ದರೂ ನಿಮ್ಮಂಥದ್ದೇ ಕೆಲಸ ಮಾಡುವವರ ಪರಿಚಯವಾಗುತ್ತದೆ.

ಪರಿಚಯ ಆಯಿತು, ಮಾತು ಹೊಂದಿತು. ಅಷ್ಟಕ್ಕೇ ಪಾಲುದಾರ ಅಂತ ಸಹಿ ಹಾಕಬೇಡಿ. ದೂರದ ಪರಿಚಯದಿಂದ ಸುದ್ದಿ ಬರುತ್ತದೆ, ನಂಬಿಕೆ ಬರುವುದಿಲ್ಲ. ಅದಕ್ಕೆ ಒಟ್ಟಿಗೆ ಕೆಲಸ ಮಾಡಿಯೇ ನೋಡಬೇಕು. ಎರಡು ಮೂರು ತಿಂಗಳಿನ ಒಂದು ಸಣ್ಣ ಕೆಲಸ ಹಿಡಿಯಿರಿ. ಒಂದು ಮಿಲ್‌ನಲ್ಲಿ ಯಂತ್ರ ಕೂರಿಸಿ, ಖರ್ಚು ಅರ್ಧರ್ಧ ಹಾಕಿಕೊಳ್ಳಿ. ಹಣದ ಲೆಕ್ಕ ಅವರು ಹೇಗೆ ಕೊಡುತ್ತಾರೆ, ಯಂತ್ರ ಕೈಕೊಟ್ಟ ದಿನ ಹೇಗೆ ಮಾತಾಡುತ್ತಾರೆ, ನೋಡಿ. ಅವರೂ ನಿಮ್ಮನ್ನು ಇದೇ ರೀತಿ ನೋಡುತ್ತಿರುತ್ತಾರೆ, ಅಲ್ವಾ?

ಆಮೇಲೆ ಕಾಗದ. ನಮ್ಮಲ್ಲಿ ‘ಮಾತೇ ಸಾಕು, ಮನೆಯವರೇ ಅಲ್ವಾ’ ಅನ್ನುವ ರೂಢಿ ಇದೆ. ಆದರೆ 1932ರ ಪಾಲುದಾರಿಕೆ ಕಾಯ್ದೆಯಲ್ಲಿ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಲಾಭ ಸಮಪಾಲು. ಒಬ್ಬ ಹಗಲು ರಾತ್ರಿ ದುಡಿದು, ಇನ್ನೊಬ್ಬ ತಿಂಗಳಿಗೊಮ್ಮೆ ಬಂದರೂ ಅಷ್ಟೇ. ಸಂಸ್ಥೆಯ ಹೆಸರಲ್ಲಿ ಒಬ್ಬ ಮಾಡಿದ ಸಾಲಕ್ಕೆ ಇನ್ನೊಬ್ಬನ ಸ್ವಂತ ಆಸ್ತಿಯೂ ಹೊಣೆಯಾಗುತ್ತದೆ. 2008ರ ಕಾಯ್ದೆಯಡಿ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಮಾಡಿಕೊಂಡರೆ ಆ ಹೊಣೆಗೆ ಮಿತಿ ಇರುತ್ತದೆ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಮಾನ್ಯತೆ ಬೇಕಿದ್ದರೆ ಪ್ರೈವೇಟ್ ಲಿಮಿಟೆಡ್ ಕಂಪನಿ, ಎಲ್‌ಎಲ್‌ಪಿ, ನೋಂದಾಯಿತ ಪಾಲುದಾರಿಕೆ ಸಂಸ್ಥೆಯಂಥ ನೋಂದಣಿಯಾದ ಸಂಸ್ಥೆ ಆಗಿರಬೇಕು. ಒಬ್ಬರ ಹೆಸರಿನ ಪ್ರೊಪ್ರೈಟರ್ ಅಂಗಡಿಗೆ ಅದು ಸಿಗುವುದಿಲ್ಲ.

ಒಬ್ಬರು ಅರ್ಧಕ್ಕೇ ಬಿಟ್ಟು ಹೋದರೆ ಅವರ ಪಾಲು ಏನಾಗಬೇಕು ಅನ್ನುವುದನ್ನು ಮೊದಲೇ ಬರೆದಿಡಿ. ಸ್ಟಾರ್ಟಪ್‌ಗಳಲ್ಲಿ ಇದಕ್ಕೆ ವೆಸ್ಟಿಂಗ್ ಅನ್ನುವ ಪದ್ಧತಿ ಇದೆ. ಸಾಮಾನ್ಯವಾಗಿ ಪಾಲು 4 ವರ್ಷದಲ್ಲಿ ಹಂತ ಹಂತವಾಗಿ ಕೈಗೆ ಬರುತ್ತದೆ, ಮೊದಲ ವರ್ಷ ತುಂಬುವ ಮುಂಚೆ ಬಿಟ್ಟವರಿಗೆ ಏನೂ ಸಿಗುವುದಿಲ್ಲ. ಎಲ್‌ಎಲ್‌ಪಿ ಆದರೆ ನೋಂದಣಿಯಾದ 30 ದಿನದೊಳಗೆ ಒಪ್ಪಂದದ ವಿವರವನ್ನು ಫಾರ್ಮ್ 3ರಲ್ಲಿ ಸಲ್ಲಿಸಬೇಕು. ಒಪ್ಪಂದ ಬರೆಸಲು ಸಿಎ ಹತ್ತಿರ ಹೋಗುವಾಗ ಇಬ್ಬರೂ ಒಟ್ಟಿಗೇ ಹೋಗಿ, ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಂಡು ಆಮೇಲೆ ಸಹಿ ಹಾಕಿ.